ನೀರಿನ ವಿಷಯದಲ್ಲಿ ಸುಳ್ಳು ಸಾಕ್ಷಿ ಬೇಡ

ಶಿಕಾರಿಪುರ ತಾಲೂಕಿನ ತೊಗರ್ಸಿಯ ಸುತ್ತಲಿನ ಸೀಮೆ ಕೆರೆಗಳ ಸೀಮೆ. ಇಲ್ಲಿನ ಭತ್ತವೂ ಅಡಿಕೆಯೂ ಜೋಳವೂ ಬಹುಮಟ್ಟಿಗೆ ಕೆರೆಯ ಋಣದಲ್ಲೇ ಬೆಳೆಯುತ್ತವೆ. ಇದೇ ತಾಲೂಕಿನ ತಾಳಗುಂದದಲ್ಲಿ ಕದಂಬರ ಕಾಲದ ಕಲ್ಲಿನ ಕಂಬವೊಂದು ನಿಂತಿದೆ. ಮಯೂರವರ್ಮನ ಕತೆಗಾಗಿ ಎಲ್ಲರೂ ಅದನ್ನು ನೆನೆಯುತ್ತಾರೆ. ಆದರೆ ಕುಬ್ಜನೆಂಬ ಕವಿ ರಚಿಸಿದ ಆ ಶಾಸನವು ಕಾಕುಸ್ಥವರ್ಮನು ಅಲ್ಲಿ ದೊಡ್ಡದೊಂದು ಕೆರೆಯನ್ನು ಕಟ್ಟಿಸಿದ ಸಂಗತಿಯನ್ನೂ ದಾಖಲಿಸಿದೆ ಎಂಬುದು ಅನೇಕರಿಗೆ ತಿಳಿಯದು. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಕೆರೆಯ ಕುರಿತಾದ ಮಾತು ಕಲ್ಲಿನ ಮೇಲೆ, ಎಲ್ಲರ ಕಣ್ಣಿಗೆ ಬೀಳುವಂತೆ ಕೆತ್ತಲ್ಪಟ್ಟಿತ್ತು. ನೀರಿನ ಲೆಕ್ಕ ಬಹಿರಂಗವಾಗಿರಬೇಕೆಂಬ ಪಾಠ ಈ ನೆಲಕ್ಕೆ ಹೊಸದಲ್ಲ.

ಇಂದು ಈ ಭಾಗದ ಕೆರೆಗಳಿಗೆ ಹೊಸ ನೀರಿನ ಸಂಬಂಧ ಕುದುರಿದೆ. ಉಡುಗಣಿ, ತಾಳಗುಂದ, ಹೊಸೂರು ಹೋಬಳಿಗಳ ಕೆರೆಗಳನ್ನು ತುಂಬಿಸಲು ಹಿರೇಕೆರೂರು ಸೀಮೆಯಲ್ಲಿ ತುಂಗಭದ್ರೆಯ ನೀರನ್ನೆತ್ತುವ ಏತ ನೀರಾವರಿ ಯೋಜನೆಯನ್ನು ಸರಕಾರ ಕೈಗೊಂಡಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಬಿರುಕುಬಿಟ್ಟ ಕೆರೆಯಂಗಳವನ್ನು ಕಂಡವರಿಗೆ ಇದು ಸಂತಸದ ಸಂಗತಿಯೇ ಸರಿ. ಯೋಜನೆಗೆ ಎಷ್ಟು ಕೋಟಿ, ಎಷ್ಟು ಕೆರೆ, ಯಾವ ಪಕ್ಷಕ್ಕೆ ಶ್ರೇಯಸ್ಸು ಎಂಬ ಚರ್ಚೆಗಳೂ ಧಾರಾಳವಾಗಿ ನಡೆದವು. ಆದರೆ ಒಂದು ಪ್ರಶ್ನೆ ಮಾತ್ರ ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಬರುವ ನೀರಿನಲ್ಲಿ ಏನಿದೆ? ಅದನ್ನು ಪರೀಕ್ಷಿಸುವವರು ಯಾರು? ಪರೀಕ್ಷೆಯ ಫಲವನ್ನು ನಮಗೆ ಹೇಳುವವರು ಯಾರು?

ಈ ಪ್ರಶ್ನೆಗೆ ಕಾರಣವಿದೆ. ಶಿವಮೊಗ್ಗ ನಗರವನ್ನು ದಾಟಿ ಬರುವ ತುಂಗೆಯೂ ಭದ್ರಾವತಿಯನ್ನು ದಾಟಿ ಬರುವ ಭದ್ರೆಯೂ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ದೇಶದ 351 ಮಲಿನ ನದಿಭಾಗಗಳ ಪಟ್ಟಿಯನ್ನು ಪ್ರಕಟಿಸಿದಾಗ ಅದರಲ್ಲಿ ಕರ್ನಾಟಕದ 17 ನದಿಭಾಗಗಳಿದ್ದವು. ತುಂಗಾ, ಭದ್ರಾ, ತುಂಗಭದ್ರಾ ಮೂರೂ ಆ ಪಟ್ಟಿಯಲ್ಲಿದ್ದವು. ನಗರದಲ್ಲಿ ಶೌಚಾಲಯದ ನೀರನ್ನು ಒಮ್ಮೆ ಹರಿಯಬಿಟ್ಟ ಮೇಲೆ ಅದು ತನ್ನ ಪಾಲಿಗೆ ಮುಗಿದ ಅಧ್ಯಾಯವೆಂದು ನಗರವಾಸಿ ಭಾವಿಸುತ್ತಾನೆ. ಕೆಳಭಾಗದಲ್ಲಿ ಆ ನದಿಯ ನೀರನ್ನು ಗದ್ದೆಗೆ ಹಾಯಿಸುವ ರೈತನ ಪಾಲಿಗೆ ಅಧ್ಯಾಯ ಅಲ್ಲಿಂದಲೇ ಆರಂಭವಾಗುತ್ತದೆ. ಆದ್ದರಿಂದ ತೊಗರ್ಸಿಯಲ್ಲಿ ಕೊಳಚೆ ಶುದ್ಧೀಕರಣ ಘಟಕ ಇರಲಿ ಇಲ್ಲದಿರಲಿ, ಮೇಲಿನ ನಗರಗಳ ಘಟಕಗಳ ಹೊರಬಾಗಿಲಲ್ಲಿ ನಡೆಯುವ ಪರೀಕ್ಷೆಯ ಪ್ರಾಮಾಣಿಕತೆ ತೊಗರ್ಸಿಗೂ ಶಿರಾಳಕೊಪ್ಪಕ್ಕೂ ಸೊರಬಕ್ಕೂ ಸಂಬಂಧಿಸಿದ ವಿಷಯವೇ ಆಗಿದೆ.

ಈ ಪರೀಕ್ಷೆ ಎಂದರೇನು? ಸಾಮಾನ್ಯ ಘಟಕವೊಂದರಲ್ಲಿ ಮೊದಲು ಜಾಲರಿಯಿಂದ ಕಸವನ್ನು ತಡೆಯುತ್ತಾರೆ, ಮರಳನ್ನು ತಳಕ್ಕಿಳಿಸುತ್ತಾರೆ. ಬಳಿಕ ದೊಡ್ಡ ತೊಟ್ಟಿಗಳಲ್ಲಿ ಗಾಳಿಯೂದಿ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಅವು ಮಲಿನವಸ್ತುವನ್ನು ತಿಂದು ತೀರಿಸುವಂತೆ ಮಾಡುತ್ತಾರೆ. ರಾಡಿ ತಳಕ್ಕಿಳಿದ ಮೇಲೆ ಕ್ಲೋರಿನ್ ಬೆರೆಸಿ ನೀರನ್ನು ಹೊರಬಿಡುತ್ತಾರೆ. ಹೊರಬಂದ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣಬಹುದು. ಅದರೊಳಗೆ ಉಳಿದ ಮಲಿನತೆಯನ್ನು ಅಳೆಯಲು ಜೀವರಾಸಾಯನಿಕ ಆಮ್ಲಜನಕ ಬೇಡಿಕೆ, ಅಂದರೆ ಬಿಓಡಿ ಎಂಬ ಅಳತೆಯಿದೆ. ನೀರಿನ ಮಾದರಿಯನ್ನು 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೂರು ದಿನ ಕತ್ತಲಲ್ಲಿಟ್ಟು, ಅದರೊಳಗಿನ ಜೀವಿಗಳು ಎಷ್ಟು ಆಮ್ಲಜನಕವನ್ನು ಬಳಸಿದವೆಂದು ನೋಡುತ್ತಾರೆ. ಹೆಚ್ಚು ಬಳಸಿದ್ದರೆ ಹೆಚ್ಚು ಕೊಳೆ ಉಳಿದಿದೆ ಎಂದರ್ಥ. ಮಲದ ಅಂಶವನ್ನು ತಿಳಿಯಲು ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳನ್ನು ಎಣಿಸುತ್ತಾರೆ. ಅದಕ್ಕಾಗಿ ಕ್ರಿಮಿರಹಿತ ಬಾಟಲಿ ಬೇಕು, ಮಾದರಿಯನ್ನು ತಂಪಾಗಿಟ್ಟು ಬೇಗನೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಮೊದಲನೆಯದು, ಬಿಓಡಿಯ ಫಲಿತಾಂಶ ಕೈಸೇರುವಾಗ ಆ ನೀರು ಹರಿದುಹೋಗಿ ಮೂರು ದಿನಗಳಾಗಿರುತ್ತವೆ. ಎರಡನೆಯದು, ಮಾದರಿಯನ್ನು ಯಾವ ಗಳಿಗೆಯಲ್ಲಿ ತೆಗೆದರೆಂಬುದರ ಮೇಲೆ ಇಡೀ ಫಲಿತಾಂಶ ನಿಂತಿದೆ. ಬೆಳಗ್ಗೆ ಮನೆಮನೆಗಳಿಂದ ಬರುವ ಕೊಳಚೆಗೂ ಮಧ್ಯಾಹ್ನದ ಕೊಳಚೆಗೂ ವ್ಯತ್ಯಾಸವಿದೆ. ವಿದ್ಯುತ್ ಖರ್ಚು ಉಳಿಸಲು ರಾತ್ರಿ ಗಾಳಿಯಂತ್ರವನ್ನು ನಿಲ್ಲಿಸಿ, ಅಧಿಕಾರಿ ಬರುವ ಹಗಲು ಹೊತ್ತಿನಲ್ಲಿ ಮಾತ್ರ ಓಡಿಸಿದರೆ ಕಾಗದದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ತಿಂಗಳಿಗೊಂದು ಬಾಟಲಿ ನೀರು ತಿಂಗಳಿಡೀ ಹರಿದ ನೀರಿನ ಪರವಾಗಿ ಸಾಕ್ಷಿ ನುಡಿಯಬೇಕಾಗುತ್ತದೆ. ಆ ಸಾಕ್ಷಿಯನ್ನು ಎಷ್ಟರಮಟ್ಟಿಗೆ ನಂಬುವುದು?

ಮಾನದಂಡದ ಕತೆಯೂ ಚಿಂತನಾರ್ಹವೇ. ಕೇಂದ್ರ ಪರಿಸರ ಸಚಿವಾಲಯವು 2015ರಲ್ಲಿ ಹೊರಡಿಸಿದ ಕರಡಿನಲ್ಲಿ ಶುದ್ಧೀಕರಿಸಿದ ನೀರಿನ ಬಿಓಡಿ ಲೀಟರಿಗೆ 10 ಮಿಲಿಗ್ರಾಮನ್ನು ಮೀರಬಾರದೆಂದಿತ್ತು. ಸಾರಜನಕಕ್ಕೂ ಮಿತಿ ಹಾಕಲಾಗಿತ್ತು. 2017ರ ಅಕ್ಟೋಬರಿನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಮಹಾನಗರಗಳಿಗೆ 20, ಉಳಿದ ಊರುಗಳಿಗೆ 30 ಎಂದಾಯಿತು. ಸಾರಜನಕದ ಮಿತಿ ಕಾಣೆಯಾಯಿತು. ಸಣ್ಣ ಊರಿನವರ ಹೊಟ್ಟೆಗೆ ಹೆಚ್ಚು ಕೊಳೆಯನ್ನು ತಾಳಿಕೊಳ್ಳುವ ಶಕ್ತಿಯಿದೆ ಎಂದು ಯಾವ ವೈದ್ಯಶಾಸ್ತ್ರ ಹೇಳಿದೆಯೋ ತಿಳಿಯದು. 2019ರ ಏಪ್ರಿಲ್ 30ರಂದು ರಾಷ್ಟ್ರೀಯ ಹಸಿರು ನ್ಯಾಯಪೀಠವು ಈ ಸಡಿಲಿಕೆಯನ್ನು ಒಪ್ಪದೆ ಬಿಗಿಯಾದ ಮಾನದಂಡಗಳನ್ನೇ ಅನ್ವಯಿಸಬೇಕೆಂದು ಆದೇಶಿಸಿತು. ಜನರ ಆರೋಗ್ಯದ ಮಿತಿಯನ್ನು ಮಂತ್ರಾಲಯ ಸಡಿಲಿಸುವುದು, ನ್ಯಾಯಪೀಠ ಬಿಗಿಗೊಳಿಸುವುದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ.

ದೇಶದ ಚಿತ್ರಣವಂತೂ ಇನ್ನೂ ಖೇದಕರ. ಕೇಂದ್ರ ಮಂಡಳಿಯ 2021ರ ವರದಿಯಂತೆ ಭಾರತದ ನಗರಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ ಹುಟ್ಟುತ್ತಿತ್ತು. ಅದರಲ್ಲಿ ನಿಜವಾಗಿ ಶುದ್ಧೀಕರಣಗೊಳ್ಳುತ್ತಿದ್ದುದು 20,235 ದಶಲಕ್ಷ ಲೀಟರ್ ಮಾತ್ರ. ಕೆಲಸ ಮಾಡುತ್ತಿದ್ದ 1,093 ಘಟಕಗಳ ಪೈಕಿ ನಿಯಮಕ್ಕೆ ಬದ್ಧವಾಗಿವೆಯೆಂದು ಕಂಡುಬಂದವು 578. ಉಳಿದವುಗಳಲ್ಲಿ ನಿಯಮ ಮೀರಿದವು ಒಂದು ಕಡೆಯಾದರೆ, ಪಾಲಿಸುತ್ತಿವೆಯೋ ಇಲ್ಲವೋ ಎಂಬ ಮಾಹಿತಿಯೇ ದೊರೆಯದ ಘಟಕಗಳು ಮತ್ತೊಂದು ಕಡೆ. ಕೋಟಿಗಟ್ಟಲೆ ಸುರಿದು ಕಟ್ಟಿದ ಘಟಕ ಏನು ಮಾಡುತ್ತಿದೆಯೆಂದು ಮಂಡಳಿಗೇ ತಿಳಿಯದಿದ್ದರೆ, ಕೆಳಭಾಗದ ಹಳ್ಳಿಗನಿಗೆ ತಿಳಿಯುವ ಬಗೆ ಹೇಗೆ?

ಇದನ್ನು ದೂರದ ಆತಂಕವೆಂದು ತಳ್ಳಿಹಾಕುವವರು ಕೋಲಾರದತ್ತ ನೋಡಬೇಕು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ಕೊಳಚೆ ನೀರನ್ನು ದಿನಕ್ಕೆ 440 ದಶಲಕ್ಷ ಲೀಟರಿನಂತೆ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರ ಜೂನಿನಲ್ಲಿ ಆರಂಭವಾಯಿತು. ಬರದ ಜಿಲ್ಲೆಯ ಜನ ನೀರಿಗೆ ಪೂಜೆ ಸಲ್ಲಿಸಿ ಸ್ವಾಗತಿಸಿದರು. ಜುಲೈಯಲ್ಲಿ ಆ ನೀರಿನಲ್ಲಿ ನೊರೆ ಕಾಣಿಸಿಕೊಂಡಿತು. ಹೋರಾಟಗಾರರು ಹೈಕೋರ್ಟಿಗೆ ಹೋದರು. ನ್ಯಾಯಾಲಯ ತಡೆ ನೀಡಿತು, ಬಳಿಕ ಅದು ತೆರವಾಯಿತು. 2019ರ ಜನವರಿಯಲ್ಲಿ ಸುಪ್ರೀಂಕೋರ್ಟು ಮತ್ತೆ ತಡೆ ನೀಡಿತು, ಅದೂ ಮುಂದೆ ತೆರವಾಗಿ ನೀರು ಹರಿಯಿತು. ಯೋಜನೆಯಿಂದ ಕೆರೆಗಳು ತುಂಬಿದವು, ಬತ್ತಿದ ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂದಿತು ಎಂಬುದು ಸತ್ಯ. ಅದನ್ನು ನಿರಾಕರಿಸುವುದು ಅನ್ಯಾಯವಾದೀತು. ಆದರೆ ಎರಡನೆಯ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರನ್ನು ಅಂತರ್ಜಲಕ್ಕಿಳಿಸುವುದು ಎಷ್ಟು ಸುರಕ್ಷಿತ, ಮೂರನೆಯ ಹಂತವೇಕೆ ಇಲ್ಲ ಎಂಬ ರೈತರ ಪ್ರಶ್ನೆಯೂ ಅಷ್ಟೇ ಸತ್ಯ. ಆ ವಿವಾದದುದ್ದಕ್ಕೂ ಒಬ್ಬರ ಪರೀಕ್ಷಾ ವರದಿಯನ್ನು ಇನ್ನೊಬ್ಬರು ನಂಬಲಿಲ್ಲ. ಮೊದಲ ದಿನದಿಂದಲೇ ಎರಡೂ ಕಡೆಯವರ ಸಮ್ಮುಖದಲ್ಲಿ ಮಾದರಿ ತೆಗೆದು, ಫಲಿತಾಂಶವನ್ನು ಕೆರೆಯ ದಂಡೆಯಲ್ಲೇ ಬರೆದು ಹಾಕಿದ್ದರೆ ಅರ್ಧ ಜಗಳ ನ್ಯಾಯಾಲಯದ ಮೆಟ್ಟಿಲೇರುತ್ತಿರಲಿಲ್ಲ.

ಕೊಳಚೆಯ ಪರೀಕ್ಷೆ ಸತ್ಯವನ್ನು ಹೇಗೆ ಹೊರಗೆಡಹುತ್ತದೆ ಎಂಬುದಕ್ಕೆ ನಮ್ಮ ಸಮುದಾಯದ ನೆನಪಿನಲ್ಲೇ ಒಂದು ಉದಾಹರಣೆಯಿದೆ. ಪೋಲಿಯೋ ಹನಿಯ ಬಗ್ಗೆ ಒಂದು ಕಾಲದಲ್ಲಿ ಉತ್ತರ ಭಾರತದ ಮುಸ್ಲಿಮ್ ಮೊಹಲ್ಲಾಗಳಲ್ಲಿ ಎಂತೆಂತಹ ವದಂತಿಗಳು ಹರಡಿದ್ದವು! ಆ ದಿನಗಳಲ್ಲೇ, 2001ರಿಂದ, ಮುಂಬೈಯ ಕೊಳಚೆ ನೀರನ್ನು ಪರೀಕ್ಷಿಸಿ ಪೋಲಿಯೋ ವೈರಾಣು ಇನ್ನೂ ಓಡಾಡುತ್ತಿದೆಯೇ ಎಂದು ನೋಡಲಾಗುತ್ತಿತ್ತು. ಕೊಳಚೆಗೆ ಜಾತಿ ಧರ್ಮಗಳಿಲ್ಲ, ವದಂತಿಯೂ ಅದಕ್ಕೆ ತಿಳಿಯದು. ಅದರಲ್ಲಿ ಏನಿದೆಯೋ ಅದನ್ನಷ್ಟೇ ಅದು ಹೇಳುತ್ತದೆ. 2011ರ ಜನವರಿಯ ಬಳಿಕ ದೇಶದಲ್ಲಿ ಕಾಡು ಪೋಲಿಯೋದ ಒಂದು ಪ್ರಕರಣವೂ ವರದಿಯಾಗಲಿಲ್ಲ, 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಕೊರೋನಾ ಕಾಲದಲ್ಲಿ ಬೆಂಗಳೂರಿನ ಕೊಳಚೆಯಲ್ಲೂ ವೈರಾಣುವಿನ ಜಾಡನ್ನು ಹುಡುಕಲಾಯಿತು.

ಹಾಗಿದ್ದೂ ಸರಕಾರಿ ಮಾನದಂಡ ಅಳೆಯುವುದು ಕೆಲವೇ ಅಂಶಗಳನ್ನು. ನಾವು ನುಂಗಿದ ಆ್ಯಂಟಿಬಯೋಟಿಕ್ ಮಾತ್ರೆಗಳ ಉಳಿಕೆ, ಅವುಗಳಿಗೆ ಬಗ್ಗದೆ ಬೆಳೆದ ಬ್ಯಾಕ್ಟೀರಿಯಾ, ಕಾರ್ಖಾನೆಗಳಿಂದ ಕದ್ದು ಚರಂಡಿಗೆ ಬಿಟ್ಟ ಕ್ರೋಮಿಯಂ, ನಿಕ್ಕಲ್‌ಗಳಂತಹ ಲೋಹ, ಎಷ್ಟು ವರ್ಷವಾದರೂ ಕರಗದ ಕೆಲವು ರಾಸಾಯನಿಕಗಳು, ಇವೆಲ್ಲ ಬಿಓಡಿಯ ಸಂಖ್ಯೆಯಲ್ಲಿ ಕಾಣಿಸುವುದಿಲ್ಲ. ಐರೋಪ್ಯ ಒಕ್ಕೂಟವು 2024ರಲ್ಲಿ ತನ್ನ ಕೊಳಚೆ ನೀರಿನ ಕಾನೂನನ್ನು ಪರಿಷ್ಕರಿಸಿ, ದೊಡ್ಡ ಘಟಕಗಳು ಇಂತಹ ಸೂಕ್ಷ್ಮ ಮಲಿನವಸ್ತುಗಳನ್ನು ತೆಗೆಯಲು ಇನ್ನೊಂದು ಹಂತದ ಶುದ್ಧೀಕರಣ ನಡೆಸಬೇಕೆಂದೂ, ಅದರ ವೆಚ್ಚದ ಬಹುಪಾಲನ್ನು ಔಷಧ ಮತ್ತು ಸೌಂದರ್ಯವರ್ಧಕಗಳ ತಯಾರಕರೇ ಭರಿಸಬೇಕೆಂದೂ ವಿಧಿಸಿತು. ಲಾಭ ಯಾರಿಗೋ ಹೊಣೆಯೂ ಅವರಿಗೆ ಎಂಬ ಈ ನ್ಯಾಯ ನಮ್ಮಲ್ಲಿ ಎಂದು ಜಾರಿಗೆ ಬಂದೀತು?

ಇಸ್ಲಾಮಿನ ದೃಷ್ಟಿಯಿಂದ ಈ ಪ್ರಶ್ನೆ ಬರಿಯ ಆಡಳಿತದ ಪ್ರಶ್ನೆಯಲ್ಲ. ಶುದ್ಧಿಯನ್ನು ವಿಶ್ವಾಸದ ಅರ್ಧಾಂಶವೆಂದು ಕಲಿಸಿದ ಧರ್ಮ ನಮ್ಮದು. ನಿಂತ ನೀರಿನಲ್ಲಿ ಮೂತ್ರ ವಿಸರ್ಜಿಸುವುದನ್ನು ಪ್ರವಾದಿ(ಸ)ರು ನಿಷೇಧಿಸಿದರು. ನೀರಿನ ತಾಣ, ಜನರ ದಾರಿ, ನೆರಳಿನ ಜಾಗ ಇವುಗಳನ್ನು ಹೊಲಸು ಮಾಡುವುದು ಶಾಪಕ್ಕೆ ಕಾರಣವೆಂದು ಎಚ್ಚರಿಸಿದರು. ಒಬ್ಬ ವ್ಯಕ್ತಿ ಒಂದು ಕೊಳದಲ್ಲಿ ಮಾಡುವ ಹೊಲಸೇ ಇಷ್ಟು ಗಂಭೀರವಾದರೆ, ಒಂದು ನಗರವು ಒಂದು ನದಿಗೆ ಮಾಡುವ ಹೊಲಸಿನ ಗಾತ್ರವನ್ನು ಊಹಿಸಿಕೊಳ್ಳಬಹುದು.

ನಮ್ಮ ಫಿಕ್‌ಹ್ ಪಂಡಿತರು ನೀರನ್ನು ಪರೀಕ್ಷಿಸದೆ ಬಿಟ್ಟವರಲ್ಲ. ಬಣ್ಣ, ವಾಸನೆ, ರುಚಿ ಈ ಮೂರರಲ್ಲಿ ನಜಸ್‌ನಿಂದ ಬದಲಾವಣೆಯಾಗಿದೆಯೇ ಎಂಬ ಒರೆಗಲ್ಲನ್ನು ಅವರು ನಿಗದಿಪಡಿಸಿದರು. ಪ್ರಯೋಗಾಲಯವಿಲ್ಲದ ಕಾಲದಲ್ಲಿ ಮನುಷ್ಯನ ಬಳಿಯಿದ್ದ ಉಪಕರಣಗಳೆಂದರೆ ಕಣ್ಣು, ಮೂಗು, ನಾಲಗೆ. 1978ರಲ್ಲಿ ಸೌದಿ ಅರೇಬಿಯಾದ ಹಿರಿಯ ವಿದ್ವಾಂಸರ ಮಂಡಳಿಯ ಮುಂದೆ ಶುದ್ಧೀಕರಿಸಿದ ಕೊಳಚೆ ನೀರಿನ ಪ್ರಶ್ನೆ ಬಂತು. ತಜ್ಞರ ಅಭಿಪ್ರಾಯವನ್ನು ಪಡೆದ ಮಂಡಳಿಯು, ಮಲಿನತೆಯ ಕುರುಹು ಪೂರ್ಣವಾಗಿ ನಿವಾರಣೆಯಾಗಿ ನೀರು ತನ್ನ ಮೂಲಸ್ವರೂಪಕ್ಕೆ ಮರಳಿದರೆ ವುಝೂಗೂ ಅದನ್ನು ಬಳಸಬಹುದು, ಆದರೆ ಆರೋಗ್ಯಕ್ಕೆ ಹಾನಿಯಿದ್ದಲ್ಲಿ ಕುಡಿಯಲು ಬಳಸಬಾರದು ಎಂಬ ನಿಲುವಿಗೆ ಬಂತು. ಈ ತೀರ್ಪಿನ ಮರ್ಮವನ್ನು ಗಮನಿಸಬೇಕು. ನೀರು ಒಮ್ಮೆ ಹೊಲಸಾದರೆ ಎಂದೆಂದಿಗೂ ತ್ಯಾಜ್ಯವೆಂಬ ಮಡಿವಂತಿಕೆ ಅದರಲ್ಲಿಲ್ಲ. ಘಟಕದಿಂದ ಬಂದದ್ದೆಲ್ಲ ಶುದ್ಧವೆಂಬ ಕುರುಡು ನಂಬಿಕೆಯೂ ಅದರಲ್ಲಿಲ್ಲ. ಎಲ್ಲವೂ ನಂಬಲರ್ಹ ತಜ್ಞನ ಮಾತಿನ ಮೇಲೆ ನಿಂತಿದೆ.

ಹಾಗಾದರೆ ಪರೀಕ್ಷಾ ವರದಿ ಎಂಬುದು ಒಂದು ಶಹಾದತ್, ಒಂದು ಸಾಕ್ಷ್ಯ. ಬಣ್ಣ, ವಾಸನೆ, ರುಚಿಗಳಿಗೆ ಸಿಗದ ವಿಷಗಳ ಕಾಲದಲ್ಲಿ ಕೋಟಿ ಜನರ ಕಣ್ಣು, ಮೂಗು, ನಾಲಗೆಗಳ ಕೆಲಸವನ್ನು ಆ ಒಂದು ಕಾಗದವೇ ಮಾಡುತ್ತಿದೆ. ಮಾದರಿ ತೆಗೆಯದೆಯೇ ಅಂಕಿ ತುಂಬುವವನು, ಒಳ್ಳೆಯ ಗಳಿಗೆ ನೋಡಿ ಬಾಟಲಿ ತುಂಬುವವನು, ಮಾಪಕವನ್ನು ತಿರುಚುವವನು, ಬಂದ ಫಲಿತಾಂಶವನ್ನು ಕಡತದಲ್ಲಿ ಮುಚ್ಚಿಡುವವನು, ಇವರೆಲ್ಲರೂ ಸುಳ್ಳು ಸಾಕ್ಷಿಯ ಪಾಪದಲ್ಲಿ ಪಾಲುದಾರರು. ಅಳತೆ ತೂಕಗಳಲ್ಲಿ ವಂಚಿಸುವವರ ಕುರಿತು ಪವಿತ್ರ ಕುರ್‌ಆನ್ ಒಂದು ಅಧ್ಯಾಯದ ಆರಂಭದಲ್ಲೇ ನಾಶದ ಎಚ್ಚರಿಕೆ ನೀಡಿದೆ. ಅದು ಅಂಗಡಿಯ ತಕ್ಕಡಿಗೆ ಮಾತ್ರ ಸೀಮಿತವೆಂದು ಯಾರೂ ಭಾವಿಸಬೇಕಾಗಿಲ್ಲ. ಲೀಟರಿಗೆ ಇಷ್ಟು ಮಿಲಿಗ್ರಾಮ್ ಎಂಬುದೂ ಒಂದು ಅಳತೆಯೇ.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯಂಗಳವನ್ನು ನೋಡದಿದ್ದರೆ ಈ ಮಾತು ಅಪೂರ್ಣವಾದೀತು. ನಮ್ಮ ಎಷ್ಟು ಮೊಹಲ್ಲಾಗಳಲ್ಲಿ ಶೌಚದ ಗುಂಡಿಯ ಹೊರಕೊಳವೆಯನ್ನು ನೇರವಾಗಿ ಬೀದಿಯ ಚರಂಡಿಗೆ ತಿರುಗಿಸಿಲ್ಲ? ಬಕ್ರೀದ್‌ನ ದಿನ ಕುರ್ಬಾನಿಯ ರಕ್ತ, ಕರುಳುಗಳನ್ನು ಮೋರಿಗೆ ಬಿಟ್ಟು, ಇಬಾದತ್ ಮುಗಿಯಿತೆಂದು ಕೈತೊಳೆದುಕೊಳ್ಳುವವರು ನಮ್ಮಲ್ಲಿಲ್ಲವೇ? ಉಳಿದ ಮಾತ್ರೆಗಳನ್ನು ಶೌಚಾಲಯಕ್ಕೆ ಸುರಿಯುವುದಿಲ್ಲವೇ? ಮಸ್ಜಿದ್‌ನ ಹೌಝ್‌ನ ಬಳಿ ನಲ್ಲಿಯನ್ನು ಧಾರೆಯಾಗಿ ಬಿಟ್ಟು ವುಝೂ ಮಾಡುವುದಿಲ್ಲವೇ? ಗುಂಡಿ ತುಂಬಿದಾಗ ಅದನ್ನು ಬರಿಗೈಯಿಂದ ತೆಗೆಯಿಸಲು ಬಡವನೊಬ್ಬನನ್ನು ಕರೆಯುವುದು 2013ರ ಕಾಯ್ದೆಯಂತೆ ಅಪರಾಧ. ಮನುಷ್ಯನ ಘನತೆಯನ್ನು ಸಾರುವ ಧರ್ಮದ ಅನುಯಾಯಿಗಳಿಗೆ ಅದು ಕಾಯ್ದೆಗೂ ಮೊದಲೇ ಅಪರಾಧವಾಗಬೇಕಿತ್ತು. ಒಳಚರಂಡಿಯಿಲ್ಲದ ಸಣ್ಣ ಊರುಗಳಿಗೂ ದಾರಿ ಇದೆ. 2015ರಲ್ಲಿ ದೇವನಹಳ್ಳಿಯಲ್ಲಿ ಶೌಚಗುಂಡಿಗಳ ಮಲಕೆಸರನ್ನು ಲಾರಿಯಲ್ಲಿ ತಂದು ಸಂಸ್ಕರಿಸುವ ಘಟಕ ಆರಂಭವಾಯಿತು. ಅಂತಹ ಘಟಕಗಳನ್ನು ನಮ್ಮ ಊರಿಗೂ ಕೇಳಬಹುದು. ಕೇಳಿದ ಮೇಲೆ ಅದರ ಪರೀಕ್ಷೆಯನ್ನೂ ಕೇಳಬೇಕು.

ಕೇಳುವ ಹಕ್ಕು ನಮಗಿದೆ. 1974ರ ಜಲಮಾಲಿನ್ಯ ಕಾಯ್ದೆಯು ಮಾದರಿಯನ್ನು ಘಟಕದವರ ಸಮ್ಮುಖದಲ್ಲಿ ತೆಗೆದು, ಎರಡು ಪಾಲು ಮಾಡಿ, ಮೊಹರು ಹಾಕಬೇಕೆಂದು ವಿಧಿಸಿದೆ. ಅದೇ ಕಾಯ್ದೆಯಡಿ 60 ದಿನಗಳ ನೋಟಿಸ್ ನೀಡಿ ನಾಗರಿಕನೂ ದೂರು ಹೂಡಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯು ಕಾಗದಪತ್ರಗಳನ್ನು ನೋಡುವ ಹಕ್ಕಿನ ಜೊತೆಗೆ, ಸಾರ್ವಜನಿಕ ಪ್ರಾಧಿಕಾರದ ಕೈಯಲ್ಲಿರುವ ವಸ್ತುಗಳ ಪ್ರಮಾಣೀಕೃತ ಮಾದರಿಯನ್ನು ಪಡೆಯುವ ಹಕ್ಕನ್ನೂ ಕೊಟ್ಟಿದೆ. ರಸ್ತೆಯ ಡಾಂಬರಿನ ಮಾದರಿಯನ್ನು ಕೇಳುವ ಊರಿನ ಯುವಕರು ನೀರಿನ ಮಾದರಿಯನ್ನೇಕೆ ಕೇಳಬಾರದು?

ನಮ್ಮ ಬೇಡಿಕೆಗಳು ಸರಳವಾಗಿವೆ. ಶುದ್ಧೀಕರಣ ಘಟಕವನ್ನು ನಡೆಸುವ ಗುತ್ತಿಗೆದಾರನೇ ತನ್ನ ಪರೀಕ್ಷಕನಾಗಬಾರದು. ಹಗಲು ಮಾತ್ರವಲ್ಲದೆ ರಾತ್ರಿಯೂ, ಮುನ್ಸೂಚನೆಯಿಲ್ಲದೆ, ಇಡೀ ದಿನದ ಹರಿವನ್ನು ಪ್ರತಿನಿಧಿಸುವಂತೆ ಮಾದರಿ ತೆಗೆಯಬೇಕು. ಫಲಿತಾಂಶವನ್ನು ಕನ್ನಡದಲ್ಲಿ, ಮಿತಿ ಎಷ್ಟು ಮತ್ತು ಕಂಡದ್ದೆಷ್ಟು ಎಂದು ಅಕ್ಕಪಕ್ಕದಲ್ಲಿ ಬರೆದು, ಘಟಕದ ಗೇಟಿನಲ್ಲೂ ಪುರಸಭೆಯಲ್ಲೂ ನೀರು ತಲುಪುವ ಊರಿನ ಪಂಚಾಯತಿನಲ್ಲೂ ತೂಗುಹಾಕಬೇಕು. ಏತ ನೀರಾವರಿಯಿಂದ ತುಂಬುವ ಕೆರೆಗಳ ನೀರನ್ನು ನದಿಯಿಂದ ಎತ್ತುವಲ್ಲಿಯೂ ಕೆರೆಯಲ್ಲಿಯೂ ಪರೀಕ್ಷಿಸಬೇಕು. ಪಕ್ಕದ ಕುಡಿಯುವ ನೀರಿನ ಬಾವಿಗಳಲ್ಲಿ ನೈಟ್ರೇಟ್ ಮತ್ತು ಕೋಲಿಫಾರ್ಮ್‌ಗಳ ಮೇಲೆ ಕಣ್ಣಿಡಬೇಕು. ಇದಕ್ಕೆ ತಗಲುವ ಹಣ ಯೋಜನೆಯ ಉದ್ಘಾಟನಾ ಸಮಾರಂಭದ ಶಾಮಿಯಾನಕ್ಕೆ ತಗಲುವುದಕ್ಕಿಂತ ಹೆಚ್ಚೇನೂ ಆಗಲಾರದು. ಘಟಕಗಳನ್ನು ಉದ್ಘಾಟಿಸಲು ಮಂತ್ರಿಗಳು ಸಾಲುಗಟ್ಟಿ ಬರುತ್ತಾರೆ. ಅವುಗಳ ಪರೀಕ್ಷಾ ವರದಿಯನ್ನು ಕೈಯಲ್ಲಿ ಹಿಡಿದು ಜನರ ಮುಂದೆ ಓದಿದ ಮಂತ್ರಿಯನ್ನು ನಾವಿನ್ನೂ ಕಂಡಿಲ್ಲ. ಮುಂದಿನ ಬಾರಿ ಮತ ಕೇಳಲು ಬರುವವರನ್ನು ಕಬರಸ್ತಾನದ ಗೋಡೆಯ ಬಗ್ಗೆ ಕೇಳುವುದರ ಜೊತೆಗೆ ಇದನ್ನೂ ಕೇಳೋಣ. ನೀರು ಮುಸ್ಲಿಮರ ಸಮಸ್ಯೆಯಲ್ಲ, ಹಿಂದೂಗಳ ಸಮಸ್ಯೆಯಲ್ಲ. ಒಂದೇ ಕೆರೆಯ ಅಕ್ಕಿಯನ್ನು ಉಣ್ಣುವ ಎಲ್ಲರ ಸಮಸ್ಯೆ. ಎಲ್ಲರಿಗಾಗಿ ಮಾತಾಡುವ ಸಮುದಾಯದ ಮಾತಿಗೆ ಬೆಲೆಯೂ ಹೆಚ್ಚು.

ಮದೀನಾದಲ್ಲಿ ನೀರಿಗೆ ಬೆಲೆ ಕಟ್ಟಲಾಗುತ್ತಿದ್ದ ರೂಮಾ ಬಾವಿಯನ್ನು ಹಝ್ರತ್ ಉಸ್ಮಾನ್(ರ) ಖರೀದಿಸಿ ಎಲ್ಲರಿಗೂ ಬಿಟ್ಟುಕೊಟ್ಟರು. ಅಂದು ಜನರಿಗೆ ಬೇಕಿದ್ದುದು ನೀರು. ಇಂದು ನೀರಿನ ಜೊತೆಗೆ ನೀರಿನ ಕುರಿತ ಸತ್ಯವೂ ಬೇಕಾಗಿದೆ. ಆ ಸತ್ಯವನ್ನು ಜನರ ಸೊತ್ತಾಗಿ ಮಾಡುವುದು ಈ ಕಾಲದ ಸದಕಾ. ತಾಳಗುಂದದಲ್ಲಿ ಕೆರೆ ಕಟ್ಟಿಸಿದ ಸಂಗತಿಯನ್ನು ಕದಂಬರು ಕಲ್ಲಿನಲ್ಲಿ ಬರೆಸಿ ನಿಲ್ಲಿಸಿದರು. ಇಂದು ಕೆರೆ ತುಂಬಿಸುವವರು ಒಂದು ಹಲಗೆಯ ಮೇಲೆ ನಾಲ್ಕು ಅಂಕಿಗಳನ್ನಾದರೂ ಬರೆಸಿ ನಿಲ್ಲಿಸಲಿ. ಆ ಅಂಕಿಗಳು ಸತ್ಯವಾಗಿರಲಿ.